ಅವರಿಗ್ಯಾಕೆ ಬಿಪಿಎಲ್ ಕಾರ್ಡು?

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಂಟಿಯಾಗಿರುವ ಅಜ್ಜಿಗೆ ಮಂಡಿನೋವು. ತಿಂಗಳಿಗೊಮ್ಮೆ ಸೊಸೈಟಿಗೆ ಹೋಗಿ ಹೆಬ್ಬೆಟ್ಟು ಕೊಟ್ಟು ಅಕ್ಕಿ ತರುವುದೆಂದರೆ ಅವರಿಗೆ ದಂಡಯಾತ್ರೆಯೇ ಸರಿ. ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಕಂಕುಳಲ್ಲಿ ಚೀಲ ಇಟ್ಟುಕೊಂಡು ಕಾಂಪೌಂಡ್ ಗೋಡೆ ಹಿಡಿದು ನಡೆಯುತ್ತಿದ್ದರು. ‘ಬನ್ನಿ ಅಜ್ಜಿ, ನಾನು ಬಿಡ್ತೀನಿ’ ಎಂದು ಕಾರು ಹತ್ತಿಸಿಕೊಂಡೆ. ತುಮಕೂರಿನ ಆ ನ್ಯಾಯಬೆಲೆ ಅಂಗಡಿಯ ಮುಂದೆ ಆಗಲೇ ಇಪ್ಪತ್ತು ಮೂವತ್ತು ಜನ ಸೇರಿದ್ದರು. ಅಜ್ಜಿ ಕಾರಿನ ಬಾಗಿಲಿನಿಂದ ಒಂದು ಕಾಲು ಕೆಳಗಿಟ್ಟದ್ದೇ ತಡ, ಸಾಲಿನ ಅಷ್ಟೂ ಕಣ್ಣು ನಮ್ಮತ್ತ ಹೊರಳಿದವು. ನಮಗೆ ಕೇಳಿಸಲೆಂದೇ ಎಂಬಂತೆ ಒಬ್ಬ ಹೆಂಗಸು ಪಕ್ಕದವಳಿಗೆ, ‘ಈಗೀಗ ಕಾರ್‌ನೋರ್ಗೂ ರೇಷನ್ ಅಕ್ಕಿನೇ ಬೇಕು ಕಣಕ್ಕ’ ಅಂದಳು.

ಕಾರು ನನ್ನದು, ಕಾರ್ಡು ಮಾತ್ರ ಅಜ್ಜಿಯದು ಎಂದು ಕೂಗಿ ಹೇಳಬೇಕೆನ್ನಿಸಿತು. ಹೇಳಲಿಲ್ಲ. ಅಜ್ಜಿಯ ಬೆರಳು ಯಂತ್ರಕ್ಕೆ ಹತ್ತುತ್ತಿರಲಿಲ್ಲ. ಪಾತ್ರೆ ತಿಕ್ಕಿ, ಬಟ್ಟೆ ಒಗೆದು ಸವೆದ ಬೆರಳು. ಸೆರಗಿಗೆ ಒರೆಸಿಕೊಂಡು, ತಲೆಗೂದಲಿಗೆ ಉಜ್ಜಿಕೊಂಡು ನಾಲ್ಕು ಸಲ ಒತ್ತಿದರು. ಅಷ್ಟರಲ್ಲಿ ‘ಸರ್ವರ್ ಇಲ್ಲ’ ಎಂದ ಅಂಗಡಿಯವನು ಯಂತ್ರವನ್ನು ಬದಿಗಿಟ್ಟ. ಕಾಯುತ್ತಾ ನಿಂತ ಆ ಅರ್ಧ ಗಂಟೆಯಲ್ಲಿ ನಾನೇನು ಮಾಡುತ್ತಿದ್ದೆ? ಹೊಸ ಸ್ಕೂಟರಿನಲ್ಲಿ ಬಂದು ಸಾಲಿನಲ್ಲಿ ನಿಂತ ಒಬ್ಬ ಹೆಣ್ಣುಮಗಳ ಕುತ್ತಿಗೆಯ ಸರ, ಕೈಯ ಮೊಬೈಲು, ಕಾಲಿನ ಚಪ್ಪಲಿ ಇವನ್ನೆಲ್ಲ ನೋಡುತ್ತಾ, ‘ಇವಳಿಗ್ಯಾಕೆ ಬಿಪಿಎಲ್ ಕಾರ್ಡು?’ ಎಂದು ಮನಸ್ಸಿನಲ್ಲೇ ಕೇಳಿಕೊಳ್ಳುತ್ತಿದ್ದೆ. ನಿಮಿಷದ ಹಿಂದೆ ನನ್ನ ಕಾರಿನ ಮೇಲೆ ಬಿದ್ದ ಅದೇ ಕಣ್ಣು ಈಗ ನನ್ನ ಮುಖದಲ್ಲಿತ್ತು.

ಈ ಪ್ರಶ್ನೆ ಕರ್ನಾಟಕದಲ್ಲಿ ಕೇಳಿಸದ ಜಾಗವಿಲ್ಲ. ಹೋಟೆಲಿನ ಕಾಫಿಯ ಮುಂದೆ, ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ಸಿನ ಫುಟ್‌ಬೋರ್ಡಿನಲ್ಲಿ, ಸಂಬಂಧಿಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅದೇ ಮಾತು. ಅನ್ನಭಾಗ್ಯವು ‘ಬಿಟ್ಟಿ ಭಾಗ್ಯ’ ಆಗಿ ಹತ್ತು ವರ್ಷ ದಾಟಿತು. ಈ ಮಾತಾಡುವವರೆಲ್ಲ ಸಿರಿವಂತರು ಎಂದು ಭಾವಿಸಿದರೆ ಅದು ತಪ್ಪು. ನನ್ನ ಕಾರನ್ನು ನೋಡಿ ಆಡಿಕೊಂಡ ಹೆಂಗಸಿನ ಕೈಯಲ್ಲೂ ಅದೇ ಕಾರ್ಡಿತ್ತು. ಅಕ್ಕಿ ಪಡೆಯುವವರೇ ಅಕ್ಕಿ ಪಡೆಯುವ ಇನ್ನೊಬ್ಬರ ಮೇಲೆ ಕಾವಲುಗಾರರಾಗಿ ನಿಲ್ಲುತ್ತಾರೆ. ಅವಳ ಕಣ್ಣಿಗೆ ಅಷ್ಟು ಅಧಿಕಾರ ಎಲ್ಲಿಂದ ಬಂತು ಎಂದು ನೋಡಹೊರಟರೆ, ನಾವು ಹೋಗಿ ನಿಲ್ಲುವುದು ಸರ್ಕಾರದ ಬಾಗಿಲಿಗೇ.

ನಿಯಮಗಳನ್ನೇ ತೆಗೆದುಕೊಳ್ಳಿ. ಕರ್ನಾಟಕದಲ್ಲಿ ಆದ್ಯತಾ ಕಾರ್ಡು, ಅಂದರೆ ನಾವು ಬಿಪಿಎಲ್ ಎನ್ನುವುದು, ಸಿಗಬೇಕಾದರೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ದಾಟಬಾರದು. ಮನೆಯಲ್ಲಿ ಸರ್ಕಾರಿ ನೌಕರರಾಗಲಿ ಆದಾಯ ತೆರಿಗೆ ಕಟ್ಟುವವರಾಗಲಿ ಇರಬಾರದು. ಮೂರು ಹೆಕ್ಟೇರಿಗಿಂತ ಹೆಚ್ಚು ಒಣಭೂಮಿ, ಪಟ್ಟಣದಲ್ಲಿ ಸಾವಿರ ಚದರ ಅಡಿಗಿಂತ ದೊಡ್ಡ ಮನೆ, ಹೊಟ್ಟೆಪಾಡಿನದ್ದಲ್ಲದ ಬಿಳಿ ಬೋರ್ಡಿನ ಕಾರು ಇರಬಾರದು. ಕಾಗದದ ಮೇಲೆ ಎಲ್ಲ ಸ್ಪಷ್ಟವಾಗಿಯೇ ಇದೆ. ಆದರೆ ಕೂಲಿಯವನ ಆದಾಯ ಅಳೆಯುವ ತಕ್ಕಡಿ ಯಾರ ಬಳಿಯಿದೆ? ಸಂಬಳದ ಚೀಟಿಯಿಲ್ಲ, ಬ್ಯಾಂಕಿನ ಲೆಕ್ಕವಿಲ್ಲ. ಹಾಗಾಗಿ ಅಳತೆ ಕಣ್ಣಿಗೆ ಕಾಣುವ ವಸ್ತುಗಳ ಮೇಲೆ ಬೀಳುತ್ತದೆ. ಕಚೇರಿಯವರು ಕಣ್ಣಳತೆಯಲ್ಲಿ ಅಳೆಯಲು ಶುರುಮಾಡಿದ ಮೇಲೆ ನೆರೆಮನೆಯವರೇಕೆ ಸುಮ್ಮನಿದ್ದಾರು?

2021ರ ಫೆಬ್ರುವರಿಯಲ್ಲಿ ಆಗಿನ ಆಹಾರ ಸಚಿವ ಉಮೇಶ ಕತ್ತಿ ಅವರು ಟಿ.ವಿ., ಫ್ರಿಜ್, ಬೈಕು ಇದ್ದವರು ಮಾರ್ಚ್ 31ರೊಳಗೆ ಬಿಪಿಎಲ್ ಕಾರ್ಡು ಹಿಂತಿರುಗಿಸಬೇಕು, ಇಲ್ಲದಿದ್ದರೆ ಕ್ರಮ ಎಂದರು. ರಾಜ್ಯದುದ್ದಕ್ಕೂ ಗದ್ದಲವೆದ್ದಿತು. ಸಚಿವರು ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಆದೇಶವೇನೋ ಹೋಯಿತು, ಪಟ್ಟಿ ಮಾತ್ರ ಜನರ ತಲೆಯಲ್ಲಿ ಉಳಿಯಿತು. ಗಾರೆ ಕೆಲಸದವನಿಗೆ ಬೈಕು ಕರಣೆಯಷ್ಟೇ ಅಗತ್ಯದ ಸಾಮಾನು. ಬೆಳಿಗ್ಗೆ ಏಳಕ್ಕೆ ಹದಿನೈದು ಕಿಲೋಮೀಟರ್ ದೂರದ ಕಟ್ಟಡದಲ್ಲಿ ಇಲ್ಲದಿದ್ದರೆ ಆ ದಿನದ ಕೂಲಿಯಿಲ್ಲ. ಹಳೇ ಸಾಮಾನಿನ ಅಂಗಡಿಯಿಂದ ತಂದ ಫ್ರಿಜ್ಜು ಎರಡು ಹೊತ್ತಿನ ಅಡುಗೆಯನ್ನು ಒಂದೇ ಹೊತ್ತಿಗೆ ಮುಗಿಸಿ ಕೆಲಸಕ್ಕೆ ಓಡುವ ಹೆಂಗಸಿನ ಅನುಕೂಲ. ಇವೆಲ್ಲ ಗೊತ್ತಿದ್ದೂ ನಮ್ಮ ಮನಸ್ಸಿನ ಬಡವ ಇನ್ನೂ ಕಪ್ಪು ಬಿಳುಪು ಸಿನಿಮಾದ ಬಡವನೇ. ಹರಕು ಅಂಗಿ, ಬರಿಗಾಲು, ಸೋರುವ ಸೂರು. ಬಡವ ಬಡವನಂತೆ ಕಾಣದಿದ್ದರೆ ನಮಗೆ ಮೋಸ ಹೋದ ಹಾಗೆ ಅನ್ನಿಸುತ್ತದೆ.

ಈಗ ಆ 1.20 ಲಕ್ಷದ ಲೆಕ್ಕ ನೋಡಿ. ತಿಂಗಳಿಗೆ ಹತ್ತು ಸಾವಿರ, ಇಡೀ ಕುಟುಂಬಕ್ಕೆ. ಉದ್ಯೋಗ ಖಾತರಿಯಲ್ಲಿ ಕರ್ನಾಟಕಕ್ಕೆ 2025-26ರಲ್ಲಿ ನಿಗದಿಯಾದ ಕೂಲಿ ದಿನಕ್ಕೆ 370 ರೂಪಾಯಿ. ಗಂಡ ಹೆಂಡತಿ ಇಬ್ಬರೂ ಇದೇ ದರದಲ್ಲಿ ಎಲ್ಲಾದರೂ ದುಡಿದರೆ ದಿನಕ್ಕೆ 740. ವರ್ಷದ 163ನೇ ದಿನ ಅವರು 1.20 ಲಕ್ಷ ದಾಟುತ್ತಾರೆ. ಅಂದರೆ ಸರ್ಕಾರವೇ ಗೊತ್ತುಮಾಡಿದ ಕೂಲಿಯಲ್ಲಿ ವರ್ಷದ ಅರ್ಧ ಭಾಗವೂ ದುಡಿಯುವ ಮೊದಲೇ ಸರ್ಕಾರದ ಲೆಕ್ಕದಲ್ಲಿ ಆ ಜೋಡಿ ಬಡವರಲ್ಲ. ಇನ್ನೊಂದು ತುದಿಯಲ್ಲಿ, 2025ರ ಕೇಂದ್ರ ಬಜೆಟ್ ಹೊಸ ಪದ್ಧತಿಯಡಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆಯಿಲ್ಲ ಎಂದಿತು. 1.20 ಲಕ್ಷ ದಾಟಿದವ ನೆರವಿಗೆ ಅರ್ಹನಲ್ಲದಷ್ಟು ಉಳ್ಳವ, 12 ಲಕ್ಷದೊಳಗಿನವ ತೆರಿಗೆ ಕಟ್ಟಲಾಗದಷ್ಟು ಇಲ್ಲದವ. ನಡುವಿನದು ಒಂದು ಸೊನ್ನೆಯ ಅಂತರ.

ಆ ಬಜೆಟ್ಟಿನ ದಿನ ನಾನೂ ಖುಷಿಪಟ್ಟೆ, ಮುಚ್ಚಿಡುವುದೇನು. ಈ ರಿಯಾಯಿತಿಯಿಂದ ನೇರ ತೆರಿಗೆಯಲ್ಲಿ ಸುಮಾರು ಒಂದು ಲಕ್ಷ ಕೋಟಿ ರೂಪಾಯಿ ಬಿಟ್ಟುಕೊಟ್ಟಂತಾಗುತ್ತದೆ ಎಂದು ಹಣಕಾಸು ಸಚಿವರು ಸಂಸತ್ತಿನಲ್ಲಿ ಹೇಳಿದರು. ಮರುದಿನ ನಮ್ಮ ಗುಂಪಿನಲ್ಲಿ ಯಾರೂ ‘ಇದರಿಂದ ಸಂಬಳದಾರರು ಸೋಮಾರಿಗಳಾಗುತ್ತಾರೆ’ ಅನ್ನಲಿಲ್ಲ. ಮನೆ ಸಾಲದ ಬಡ್ಡಿಗೆಂದು ವರ್ಷಗಟ್ಟಲೆ ಎರಡು ಲಕ್ಷದವರೆಗೆ ವಿನಾಯಿತಿ ಪಡೆದವರನ್ನು ನೋಡಿ ‘ಸ್ವಂತ ಮನೆ ಇಟ್ಟುಕೊಂಡೂ ಸರ್ಕಾರದ ದುಡ್ಡಿಗೆ ಕೈಚಾಚಿದ’ ಎಂದು ಅಂದವರಿಲ್ಲ. ಅಲ್ಲಿ ಸಾಲಿಲ್ಲ, ಚೀಲವಿಲ್ಲ, ಹೆಬ್ಬೆಟ್ಟಿಲ್ಲ. ಆಫೀಸಿನ ಲೆಕ್ಕಿಗ ಒಂದು ಕಾಲಂ ತುಂಬಿಬಿಡುತ್ತಾನೆ. ನನ್ನ ಪಾಲು ಯಾರ ಕಣ್ಣಿಗೂ ಬೀಳದೆ ನನ್ನ ಖಾತೆಯಲ್ಲೇ ಉಳಿಯಿತು. ಅಜ್ಜಿಯ ಹತ್ತು ಕಿಲೋ ಮಾತ್ರ ಬೀದಿಯಲ್ಲಿ ನಡೆದುಕೊಂಡು ಹೋಗಬೇಕು. (ಹೆಬ್ಬೆಟ್ಟು ಎಂಬ ಪದಕ್ಕೆ ನಮ್ಮಲ್ಲಿ ಅನಕ್ಷರಸ್ಥ ಎಂಬ ಅರ್ಥವೂ ಇರುವುದು ನೆನಪಾಗುತ್ತದೆ. ಸಹಿ ಮಾಡಲು ಬರುವ ಅಜ್ಜಿಯನ್ನೂ ಯಂತ್ರ ಹೆಬ್ಬೆಟ್ಟು ಮಾಡಿಬಿಟ್ಟಿದೆ.)

ಹಾಗಾದರೆ ಕಾರ್ಡಿನಲ್ಲಿ ಮೋಸವೇ ಇಲ್ಲವೇ? ಧಾರಾಳವಾಗಿ ಇದೆ. ಸರ್ಕಾರಿ ನೌಕರರ ಮನೆಯಲ್ಲಿ ಬಿಪಿಎಲ್ ಕಾರ್ಡು ಸಿಕ್ಕಿದ್ದು, ದಂಡ ಕಟ್ಟಿಸಿಕೊಂಡದ್ದು ಸುಳ್ಳಲ್ಲ. ಆದರೆ ಉಳ್ಳವನೊಬ್ಬ ಬಿಪಿಎಲ್ ಕಾರ್ಡಿಗೆ ಏಕೆ ಆಸೆಪಡುತ್ತಾನೆ ಎಂದು ಕೇಳಿದರೆ ಉತ್ತರ ಬಹುಪಾಲು ಅಕ್ಕಿಯಲ್ಲ. ಆಸ್ಪತ್ರೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಎಪಿಎಲ್ ಆದರೆ ನಿಗದಿತ ವೆಚ್ಚದ ಶೇ 30ರಷ್ಟು ಮಾತ್ರ ಸರ್ಕಾರದ್ದು, ಅದೂ ಒಂದೂವರೆ ಲಕ್ಷದವರೆಗೆ. ಹೃದಯದ ಆಪರೇಷನ್ನಿಗೆ ದಾಖಲಾಗುವಾಗ ಕೌಂಟರಿನಲ್ಲಿ ಮೊದಲು ಕೇಳುವ ಮಾತು, ‘ಯಾವ ಕಾರ್ಡು?’ ತಿಂಗಳಿಗೆ ಹನ್ನೆರಡು ಸಾವಿರ ದುಡಿಯುವ ಅಂಗಡಿ ನೌಕರನೂ ಐವತ್ತು ಸಾವಿರ ದುಡಿಯುವವನೂ ಆ ಕೌಂಟರಿನ ಮುಂದೆ ಒಂದೇ ಎಪಿಎಲ್. ಒಂದು ಕಾಯಿಲೆ ಬಂದರೆ ಹೊಲ ಮಾರಬೇಕಾದ ದೇಶದಲ್ಲಿ ಜನ ಆ ಕಾರ್ಡನ್ನು ಅಕ್ಕಿಚೀಟಿಯಾಗಿ ನೋಡುವುದಿಲ್ಲ, ವಿಮೆಯ ಪಾಲಿಸಿಯ ಹಾಗೆ ಬೀರುವಿನಲ್ಲಿಡುತ್ತಾರೆ. ಅಕ್ಕಿ ತರಲು ಹೋಗದೆಯೂ ಕಾರ್ಡು ಬಿಡಲೊಲ್ಲದವರ ಗುಟ್ಟು ಇದು.

ಇನ್ನು ಆದಾಯ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟವರಿಗೆ ಗೊತ್ತು, ಅಲ್ಲಿ ಬರೆಯುವ ಸಂಖ್ಯೆಗೂ ಮನೆಯ ಪಡಸಾಲೆಗೂ ಇರುವ ಸಂಬಂಧ ದೂರದ ನಂಟಸ್ತಿಕೆಯದು. ಮಿತಿಯೇ ನಂಬಲಾಗದಷ್ಟು ಕೆಳಗಿರುವಾಗ ಅರ್ಜಿದಾರ ಸುಳ್ಳು ಹೇಳುತ್ತಾನೆ, ಸುಳ್ಳೆಂದು ಗೊತ್ತಿದ್ದೂ ಕಚೇರಿ ಅದನ್ನು ಬರೆದುಕೊಡುತ್ತದೆ. ಹೀಗೆ ನಿಜವಾದ ಬಡವನೂ ಕಾಗದದಲ್ಲಿ ಸುಳ್ಳುಗಾರನಾದ ಮೇಲೆ, ಅವನ ಮೇಲೆ ಯಾವಾಗ ಬೇಕಾದರೂ ಬೆರಳು ತೋರಿಸಬಹುದು. ಅವನಿಗೂ ಅದು ಗೊತ್ತು. ಅದಕ್ಕೇ ಸರ್ವೆಯವರು ಬಂದರೆ ಫ್ರಿಜ್ಜಿಗೆ ಬೆಡ್‌ಶೀಟು ಹೊದೆಸುತ್ತಾನೆ.

ಮೊದಲು ಹೀಗಿರಲಿಲ್ಲ. 1997ರವರೆಗೆ ದೇಶದ ಪಡಿತರ ವ್ಯವಸ್ಥೆಯಲ್ಲಿ ಬಡತನ ರೇಖೆಯ ಗೋಡೆ ಎದ್ದಿರಲಿಲ್ಲ. ಮೇಷ್ಟ್ರ ಮನೆಯಲ್ಲೂ ಗುಮಾಸ್ತರ ಮನೆಯಲ್ಲೂ ರೇಷನ್ ಸಕ್ಕರೆ, ರೇಷನ್ ಸೀಮೆಎಣ್ಣೆ ಇದ್ದವು. ಸೀಮೆಎಣ್ಣೆಯ ಸಾಲಿನಲ್ಲಿ ಡಬ್ಬ ಇಟ್ಟು ಜಾಗ ಹಿಡಿದ ನೆನಪು ನನ್ನ ವಯಸ್ಸಿನ ಬಹಳ ಜನಕ್ಕಿದೆ. ಆ ವರ್ಷದ ಜೂನ್‌ನಲ್ಲಿ ಬಡವರಿಗೆ ಒಂದು, ಉಳಿದವರಿಗೆ ಇನ್ನೊಂದು ಎಂಬ ಗುರಿನಿರ್ದಿಷ್ಟ ಪದ್ಧತಿ ಬಂತು. ಉಳ್ಳವರಿಗೆ ಹೋಗುವುದನ್ನು ತಡೆದರೆ ಇಲ್ಲದವರಿಗೆ ಹೆಚ್ಚು ಕೊಡಬಹುದೆಂಬ ವಾದ ಕೇಳಲು ಸರಿಯಾಗಿಯೇ ಇತ್ತು. ಆದರೆ ಗೆರೆ ಎಳೆದ ಮೇಲೆ ಎರಡು ಬಗೆಯ ತಪ್ಪು ಆಗಿಯೇ ತೀರುತ್ತದೆ. ಬೇಡದವನು ಒಳಗೆ ಸೇರುವುದು ಒಂದು, ಬೇಕಾದವನು ಹೊರಗುಳಿಯುವುದು ಇನ್ನೊಂದು. ಮೊದಲನೆಯ ತಪ್ಪಿಗೆ ಸಿಟ್ಟಾಗುವವರು ಊರೆಲ್ಲ ಇದ್ದಾರೆ, ಏಕೆಂದರೆ ಅವನು ಬೈಕಿನಲ್ಲಿ ಎದುರಿಗೆ ಬರುತ್ತಾನೆ. ಎರಡನೆಯವನು ಸಾಲಿನಲ್ಲೇ ಇಲ್ಲ. ಅವನನ್ನು ನೋಡುವವರು ಯಾರು? ಪಕ್ಕದ ತಮಿಳುನಾಡು ಈ ಗೋಡೆಯನ್ನು ಒಪ್ಪಲಿಲ್ಲ. ಅಲ್ಲಿ ಅಕ್ಕಿಯ ಪಡಿತರ ಬಹುತೇಕ ಎಲ್ಲರಿಗೂ ತೆರೆದೇ ಇದೆ, ಬೇಡದವರು ತಾವಾಗಿಯೇ ಹೋಗುವುದಿಲ್ಲ. ಅದಕ್ಕೆ ಖರ್ಚು ಹೆಚ್ಚು, ನಿಜ. ಆದರೆ ‘ನಿನಗ್ಯಾಕೆ ಕಾರ್ಡು?’ ಎಂಬ ಮಾತಿಗೆ ಅಲ್ಲಿ ಅಷ್ಟು ಅರ್ಥವಿಲ್ಲ.

ಹೊರಗುಳಿದವರ ಕತೆಗೆ ನಾವು ಗೋಕರ್ಣಕ್ಕೆ ಹೋಗಬೇಕು. 2017ರ ಜುಲೈ. ಸಮುದ್ರ, ದೇವಸ್ಥಾನ, ಪ್ರವಾಸಿಗರಿಂದ ತುಂಬಿದ ಆ ಊರಿನ ಬೇಲೆಹಿತ್ತಲದ ಒಂದೇ ದಲಿತ ಕುಟುಂಬದ ಮೂವರು ಅಣ್ಣತಮ್ಮಂದಿರು ಎರಡು ವಾರದೊಳಗೆ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಆಧಾರ್ ಜೋಡಣೆಯಾಗದೆ ಆ ಮನೆಗೆ ತಿಂಗಳುಗಟ್ಟಲೆ ಪಡಿತರ ಸಿಕ್ಕಿರಲಿಲ್ಲ, ಇವು ಹಸಿವಿನ ಸಾವುಗಳು ಎಂದು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಸತ್ಯಶೋಧನಾ ತಂಡ ಹೇಳಿತು. ಆಡಳಿತ ಒಪ್ಪಲಿಲ್ಲ. ಕುಡಿತ, ಕಾಯಿಲೆ ಎಂದಿತು. ಯಾರ ಮಾತು ಎಷ್ಟು ಸರಿ ಎಂಬ ವಾದ ಹಾಗಿರಲಿ, ‘ಕುಡೀತಿದ್ರಂತೆ’ ಎಂಬ ಒಂದು ಮಾತು ಸಾಕಾಯಿತು ನೋಡಿ, ಜನರ ಮನಸ್ಸಿನಲ್ಲಿ ಪ್ರಕರಣ ಮುಗಿಯಲು. ಪಡಿತರ ಏಕೆ ನಿಂತಿತು ಎಂಬ ಪ್ರಶ್ನೆಗೆ ಅದು ಉತ್ತರವೇ ಅಲ್ಲ. ಕುಡಿಯುವವನಿಗೂ ಹಸಿವಾಗುತ್ತದೆ, ಅವನ ತಾಯಿಗಂತೂ ಆಗಿಯೇ ಆಗುತ್ತದೆ. ಆದರೆ ಸತ್ತ ಬಡವನ ನಡತೆಗೂ ಸರ್ಟಿಫಿಕೇಟು ಬೇಕು.

ಇದೇ ಯಂತ್ರ 2024ರ ನವೆಂಬರ್‌ನಲ್ಲಿ ಇನ್ನೂ ದೊಡ್ಡದಾಗಿ ತಿರುಗಿತು. ಅನರ್ಹರನ್ನು ಹುಡುಕಲೆಂದು ಬೇರೆ ಬೇರೆ ಇಲಾಖೆಗಳ ದತ್ತಾಂಶವನ್ನು ತಾಳೆ ಹಾಕಿ ರಾಶಿ ರಾಶಿ ಬಿಪಿಎಲ್ ಕಾರ್ಡುಗಳನ್ನು ರದ್ದು ಮಾಡಿದರು, ಇಲ್ಲವೇ ಎಪಿಎಲ್‌ಗೆ ತಳ್ಳಿದರು. ಅಕ್ಕಿಗೆಂದು ಹೋದವರಿಗೆ ಅಂಗಡಿಯಲ್ಲೇ ಗೊತ್ತಾಯಿತು, ತಾವು ರಾತ್ರೋರಾತ್ರಿ ಬಡತನದಿಂದ ಮೇಲೆದ್ದಿದ್ದೇವೆ ಎಂದು. ಸಾಲಕ್ಕಾಗಿ ಬ್ಯಾಂಕಿನವರು ಕೇಳಿದರೆಂದು ರಿಟರ್ನ್ಸ್ ಸಲ್ಲಿಸಿದ್ದವರೂ ಅದರಲ್ಲಿದ್ದರು. ರಿಟರ್ನ್ಸ್ ಸಲ್ಲಿಸುವುದಕ್ಕೂ ತೆರಿಗೆ ಕಟ್ಟುವುದಕ್ಕೂ ವ್ಯತ್ಯಾಸವಿದೆ. ಹಾಲಿನ ಡೈರಿಗೆ ಎರಡು ಹಸು ಕೊಳ್ಳಲು ಸಾಲ ಕೇಳಿದವನು ಒಂದು ರೂಪಾಯಿ ತೆರಿಗೆ ಕಟ್ಟದೆಯೂ ಆ ಪಟ್ಟಿಯಲ್ಲಿ ಇರಬಹುದು. ಸಿಟ್ಟು ಭುಗಿಲೆದ್ದ ಮೇಲೆ ಸರ್ಕಾರಿ ನೌಕರರು, ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡು ಮರಳಿಸುವುದಾಗಿ ಸರ್ಕಾರ ಹೇಳಿತು. ನಡುವಿನ ವಾರಗಳಲ್ಲಿ ಕಾರ್ಡು ಹಿಡಿದು ತಾಲ್ಲೂಕು ಕಚೇರಿಗೆ ಅಲೆದವರ ಕೂಲಿಯ ಲೆಕ್ಕ ಯಾರಲ್ಲೂ ಇಲ್ಲ.

ಇಂಥ ಯಂತ್ರಗಳು ನಮ್ಮಲ್ಲಷ್ಟೇ ಇವೆ ಎಂದುಕೊಳ್ಳಬೇಡಿ. ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಪಾಲನಾ ಭತ್ಯೆ ಪಡೆದ ಸಾವಿರಾರು ಪೋಷಕರನ್ನು ತೆರಿಗೆ ಇಲಾಖೆ ಮೋಸಗಾರರೆಂದು ಹಣೆಪಟ್ಟಿ ಹಚ್ಚಿ, ಕೊಟ್ಟದ್ದನ್ನೆಲ್ಲ ವಸೂಲಿ ಮಾಡಿತು. ವಲಸೆ ಮೂಲದವರ ಮೇಲೆ ಸಂಶಯ ಹೆಚ್ಚು ಬಿದ್ದಿತ್ತು. ಸತ್ಯ ಹೊರಬಿದ್ದಾಗ 2021ರ ಜನವರಿಯಲ್ಲಿ ಅಲ್ಲಿನ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಬ್ರಿಟನ್ನಿನಲ್ಲಿ 2013ರಲ್ಲಿ ನಡೆದ ಒಂದು ಸಮೀಕ್ಷೆಯಲ್ಲಿ ಜನರನ್ನು ಕೇಳಿದರು: ಸರ್ಕಾರ ನೆರವಿಗೆಂದು ಕೊಡುವ ನೂರು ಪೌಂಡಿನಲ್ಲಿ ಎಷ್ಟು ಮೋಸದವರ ಪಾಲಾಗುತ್ತದೆ? ಸರಾಸರಿ ಉತ್ತರ 24 ಪೌಂಡು. ಸರ್ಕಾರಿ ಅಂದಾಜು 70 ಪೆನ್ಸ್. ಒಂದು ಪೌಂಡೂ ಅಲ್ಲ. ನಮ್ಮ ಊರಿನ ಕಾಫಿ ಮೇಜಿನಲ್ಲಿ ಇದೇ ಪ್ರಶ್ನೆ ಕೇಳಿದರೆ ಬರುವ ಉತ್ತರ ಊಹಿಸಬಲ್ಲೆ: ‘ಮುಕ್ಕಾಲು ಪಾಲು ಸಾರ್!’

ಸಂಶಯದ ಜೋಡಿ ಎತ್ತು ಸೋಮಾರಿತನದ ಆರೋಪ. 2013ರ ಜುಲೈನಲ್ಲಿ ಕಿಲೋಗೆ ಒಂದು ರೂಪಾಯಿಯ ಅಕ್ಕಿಯಾಗಿ ಶುರುವಾದ ಅನ್ನಭಾಗ್ಯ 2015ರಲ್ಲಿ ಪೂರ್ತಿ ಉಚಿತವಾದಾಗ, ಜನ ಸೋಮಾರಿಗಳಾಗುತ್ತಾರೆ ಎಂದು ಗುಡುಗಿದವರಲ್ಲಿ ಹೆಸರಾಂತ ಸಾಹಿತಿಗಳೂ ಇದ್ದರು. 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಪೀಠವೊಂದು ಉಚಿತ ಕೊಡುಗೆಗಳಿಂದ ಪರಾವಲಂಬಿಗಳ ವರ್ಗವೊಂದನ್ನು ಸೃಷ್ಟಿಸುತ್ತಿದ್ದೇವೆಯೇ ಎಂದು ಮೌಖಿಕವಾಗಿ ಕೇಳಿತು. ಪೀಠದ ಮುಂದೆ ಅಂದು ಇದ್ದ ಪ್ರಕರಣ ಯಾವುದು ಗೊತ್ತೇ? ನಗರದ ಮನೆಯಿಲ್ಲದವರಿಗೆ ತಂಗಲು ಸೂರು ಕೊಡುವ ಕುರಿತದ್ದು.

ಲೆಕ್ಕ ಹಾಕೋಣ. ನಾಲ್ಕು ಜನರ ಮನೆಗೆ ತಲೆಗೆ ಹತ್ತು ಕಿಲೋದಂತೆ ನಲವತ್ತು ಕಿಲೋ ಅಕ್ಕಿ. ಹೆಚ್ಚುವರಿ ಅಕ್ಕಿ ಸಿಗದೆ 2023ರಲ್ಲಿ ಸರ್ಕಾರ ದುಡ್ಡು ಹಾಕಿದಾಗ ಹಿಡಿದ ದರ ಕಿಲೋಗೆ 34 ರೂಪಾಯಿ. ಆ ದರದಲ್ಲಿ 1,360 ರೂಪಾಯಿ. ಅಂದರೆ ನಾಲ್ಕು ದಿನದ ಕೂಲಿಗಿಂತ ಕಡಿಮೆ. ನಾಲ್ಕು ದಿನದ ಕೂಲಿ ಕೈಗೆ ಬಂತೆಂದು ಮೂವತ್ತು ದಿನ ಮಲಗುವ ಮನುಷ್ಯನನ್ನು ನಾನಂತೂ ಕಂಡಿಲ್ಲ. ಉಪ್ಪು, ಎಣ್ಣೆ, ಮಗಳ ನೋಟ್‌ಬುಕ್ಕು, ಸಂಘದ ಕಂತು ಇವೆಲ್ಲ ಅಕ್ಕಿಯಿಂದ ಬರುವುದಿಲ್ಲ. ಇದು ನನ್ನೊಬ್ಬನ ಅನಿಸಿಕೆಯಲ್ಲ. ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಮೆಕ್ಸಿಕೊ, ಇಂಡೊನೇಷ್ಯಾ, ಮೊರಾಕ್ಕೊ ಸೇರಿದಂತೆ ಆರು ದೇಶಗಳ ಏಳು ನಗದು ನೆರವಿನ ಯೋಜನೆಗಳ ಅಂಕಿಅಂಶವನ್ನು ಮರುಪರಿಶೀಲಿಸಿ 2017ರಲ್ಲಿ ಪ್ರಕಟಿಸಿದರು. ನೆರವು ಪಡೆದವರು ದುಡಿಮೆ ಬಿಟ್ಟರು ಎನ್ನಲು ಅವರಿಗೆ ಆಧಾರ ಸಿಗಲಿಲ್ಲ.

ಆದರೂ ‘ಕೆಲಸಕ್ಕೆ ಆಳು ಸಿಗ್ತಿಲ್ಲ’ ಎಂಬ ತೋಟದವರ ದೂರು ಪೂರ್ತಿ ಕಟ್ಟುಕತೆಯಲ್ಲ. ಅದರ ಒಳಗೆ ಬೇರೊಂದು ನಿಜವಿದೆ. ಹಿಂದೆ ಮನೆಯಲ್ಲಿ ಕಾಳು ಮುಗಿದ ದಿನ ಆಳು ಗೌಡರ ಜಗಲಿ ಮುಂದೆ ನಿಲ್ಲುತ್ತಿದ್ದ. ಕೊಟ್ಟಷ್ಟು ಪಡೆದು, ಹೇಳಿದಷ್ಟು ಹೊತ್ತು ದುಡಿಯುತ್ತಿದ್ದ. ಮುಂಗಡಕ್ಕೆ ಮಗನನ್ನು ಜೀತಕ್ಕಿಟ್ಟ ಮನೆಗಳ ನೆನಪು ಹಳ್ಳಿಗಳಲ್ಲಿ ಇನ್ನೂ ಆರಿಲ್ಲ. ಮನೆಯಲ್ಲಿ ಅಕ್ಕಿಯ ಮೂಟೆಯಿದ್ದರೆ ಅದೇ ಆಳು, ‘ಇನ್ನೂರಕ್ಕೆ ಬರಲ್ಲ, ನಾನೂರು ಕೊಡಿ’ ಅನ್ನುತ್ತಾನೆ. ಕೊಡದಿದ್ದರೆ ಬೈಕು ಹತ್ತಿ ಪಟ್ಟಣದ ಕಟ್ಟಡಕ್ಕೆ ಹೋಗುತ್ತಾನೆ. ಧಣಿಯ ಕಣ್ಣಿಗೆ ಅವನು ಸೋಮಾರಿ. ಪಟ್ಟಣದ ಮೇಸ್ತ್ರಿಯನ್ನು ಕೇಳಿ ನೋಡಿ.

ಅಕ್ಕಿ ಮಾರಿಕೊಳ್ಳುತ್ತಾರೆ ಎಂಬುದು ಇನ್ನೊಂದು ದೂರು. ಮಾರುತ್ತಾರೆ, ಹೌದು. ಮನೆ ಬಾಗಿಲಿಗೇ ಬರುವವನಿಗೆ ಹತ್ತೋ ಹದಿನೈದೋ ರೂಪಾಯಿಗೆ ಕೊಡುತ್ತಾರೆ. ಮುದ್ದೆ ಉಣ್ಣುವ ಸೀಮೆಯಲ್ಲಿ, ರೊಟ್ಟಿ ಬಡಿಯುವ ಸೀಮೆಯಲ್ಲಿ ತಿಂಗಳಿಡೀ ಅನ್ನವನ್ನೇ ಉಣ್ಣಿ ಎಂದರೆ ಹೇಗೆ? ಅಕ್ಕಿ ಮಾರಿ ರಾಗಿ, ಬೇಳೆ ತಂದವನನ್ನು ಕಳ್ಳನೆನ್ನಲು ನನಗೆ ನಾಲಗೆ ಏಳದು. ಅತ್ತ ಯಾದಗಿರಿ ಜಿಲ್ಲೆಯ ಶಹಾಪುರದ ಗೋದಾಮಿನಿಂದ 2023ರಲ್ಲಿ ಆರು ಸಾವಿರ ಕ್ವಿಂಟಲಿಗೂ ಹೆಚ್ಚು ಪಡಿತರ ಅಕ್ಕಿ ಕಾಣೆಯಾಯಿತು. ಅಷ್ಟು ಅಕ್ಕಿಯನ್ನು ಕಾರ್ಡುದಾರರು ಹತ್ತತ್ತು ಕಿಲೋದಂತೆ ಮಾರಬೇಕಾದರೆ ಅರವತ್ತು ಸಾವಿರ ಜನ ಸಾಲುಗಟ್ಟಬೇಕಿತ್ತು. ಹಾಗಿದ್ದೂ ‘ಅಕ್ಕಿ ಕಳ್ಳರು’ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಲಾರಿಯಲ್ಲ, ಕೈಚೀಲ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ಹೆಚ್ಚುವರಿ ಐದು ಕಿಲೋ ಅಕ್ಕಿಗೆ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಕೊಡಲು ತೀರ್ಮಾನಿಸಿತು. ಜನ ಅಕ್ಕಿ ಮಾರಿ ಇಷ್ಟು ದಿನ ಹೇಳುತ್ತಿದ್ದುದೂ ಅದನ್ನೇ.

ಹೆಂಗಸರ ವಿಷಯಕ್ಕೆ ಬಂದರೆ ಕಣ್ಣು ಇನ್ನೂ ಚೂಪು. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದ ವಾರವೇ ಧರ್ಮಸ್ಥಳದ ಬಸ್ಸುಗಳಲ್ಲಿ ಕಿಕ್ಕಿರಿದ ಹೆಂಗಸರ ಚಿತ್ರಗಳು, ಮನೆಯಲ್ಲಿ ಅನ್ನ ಬೇಯಿಸುವ ಗಂಡಂದಿರ ಜೋಕುಗಳು ಹರಿದಾಡಿದವು. ಅವರು ಕೂಲಿಗೆ, ಗಾರ್ಮೆಂಟಿಗೆ ಹೋದರೆ ಸರಿ, ಮಂಜುನಾಥನನ್ನು ನೋಡಲು ಹೋದರೆ ದುರುಪಯೋಗ. ನಲವತ್ತು ವರ್ಷ ಒಲೆಯ ಮುಂದೆ ಕೂತವಳು ಒಂದು ಸಲ ಕಿಟಕಿ ಪಕ್ಕ ಕೂತು ಘಟ್ಟ ಇಳಿದದ್ದಕ್ಕೆ ಯಾರಿಗೆ ವಿವರಣೆ ಕೊಡಬೇಕು?

ಮನೆಯೊಡತಿಗೆ ತಿಂಗಳಿಗೆ ಕೊಡುವ ಗೃಹಲಕ್ಷ್ಮಿಯ ಎರಡು ಸಾವಿರದ ವಿಷಯದಲ್ಲಿ ಈ ಕಣ್ಣು ವೇಷ ಬದಲಿಸಿತು. ಕೂಡಿಟ್ಟ ದುಡ್ಡಿನಲ್ಲಿ ಬೆಳಗಾವಿ ಜಿಲ್ಲೆಯ ಅಜ್ಜಿಯೊಬ್ಬರು 2024ರಲ್ಲಿ ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ್ದು ದೊಡ್ಡ ಸುದ್ದಿಯಾಯಿತು. ಫ್ರಿಜ್ ಕೊಂಡವರು, ಮಗನಿಗೆ ಬೈಕು ಕೊಡಿಸಿದವರು, ಸೊಸೆಗೆ ಅಂಗಡಿ ಹಾಕಿಕೊಟ್ಟವರು ಒಬ್ಬೊಬ್ಬರಾಗಿ ಪತ್ರಿಕೆಗೆ ಬಂದರು. ಓದಿ ನಾನೂ ಕಣ್ಣು ತೇವ ಮಾಡಿಕೊಂಡವನೇ. ಆಮೇಲೆ ಅನ್ನಿಸಿತು, ಈ ಮೆಚ್ಚುಗೆ ಕೂಡ ತನಿಖೆಯ ಇನ್ನೊಂದು ಮುಖವಲ್ಲವೇ? ಒಳ್ಳೆಯದಕ್ಕೆ ಖರ್ಚು ಮಾಡಿದವಳು ಅರ್ಹಳು ಎಂದರೆ, ಗಂಡನ ಸಾಲಕ್ಕೆ ತುಂಬಿದವಳು, ಮೊಬೈಲಿಗೆ ರೀಚಾರ್ಜ್ ಹಾಕಿಸಿದವಳು, ಏನೂ ಹೇಳಿಕೊಳ್ಳಲಾಗದವಳು? (ಅಂದ ಹಾಗೆ, 2021ರಲ್ಲಿ ಕಾರ್ಡು ಕಸಿಯಬೇಕಿದ್ದ ಫ್ರಿಜ್ಜು ಮೂರು ವರ್ಷದಲ್ಲಿ ಯೋಜನೆಯ ಯಶಸ್ಸಿನ ಫೋಟೊದಲ್ಲಿ ನಿಂತಿತು.)

ಅನ್ನಭಾಗ್ಯ, ಶಕ್ತಿ, ಗೃಹಲಕ್ಷ್ಮಿಯಂಥ ಗ್ಯಾರಂಟಿಗಳಿಗೆ ವರ್ಷಕ್ಕೆ ಸುಮಾರು 52 ಸಾವಿರ ಕೋಟಿ ರೂಪಾಯಿ ಬೇಕು. ಅಷ್ಟು ಹಣ ಎಲ್ಲಿಂದ, ರಸ್ತೆ ಶಾಲೆಗಳ ಪಾಲೆಷ್ಟು ಎಂದು ಕೇಳುವುದು ನ್ಯಾಯವೇ, ಕೇಳಲೇಬೇಕು. ಅದು ಬಜೆಟ್ಟಿನ ಮಾತು. ಸಾಲಿನಲ್ಲಿ ನಿಂತವಳ ಸರ ಚಿನ್ನದ್ದೋ ರೋಲ್ಡ್ ಗೋಲ್ಡಿನದ್ದೋ ಎಂಬುದು ಬಜೆಟ್ಟಿನ ಮಾತಲ್ಲ.

ವಿಚಿತ್ರವೆಂದರೆ ಪುಕ್ಕಟೆ ಊಟಕ್ಕೆ ನಮ್ಮ ನಾಡು ಹೊಸದಲ್ಲ. ಧರ್ಮಸ್ಥಳದಲ್ಲಿ, ಶೃಂಗೇರಿಯಲ್ಲಿ, ಸಿದ್ಧಗಂಗೆಯಲ್ಲಿ ಇನ್ನೋವಾದಲ್ಲಿ ಬಂದವರೂ ಬಸ್ಸಿನಲ್ಲಿ ಬಂದವರೂ ಉಣ್ಣುವುದು ಒಂದೇ ಸಾರು. ಅಲ್ಲಿ ಯಾರೂ ಕಾರ್ಡು ಕೇಳುವುದಿಲ್ಲ, ಉಂಡವರು ಬಿಟ್ಟಿ ಉಂಡೆವೆಂದು ತಲೆ ತಗ್ಗಿಸುವುದಿಲ್ಲ. ಕಾಯಕದ ಮಾತೆತ್ತಿ ಅನ್ನಭಾಗ್ಯವನ್ನು ಜರೆಯುವವರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮರ ಕತೆಯನ್ನು ಬಹಳ ನೆನೆಯುತ್ತಾರೆ. ಮಾರಯ್ಯ ಆಯ್ದು ತಂದ ಅಕ್ಕಿ ಆ ದಿನಕ್ಕೆ ಬೇಕಾದ್ದಕ್ಕಿಂತ ಹೆಚ್ಚಾಯಿತೆಂದು ಲಕ್ಕಮ್ಮ ಅದನ್ನು ಹಿಂದಕ್ಕೆ ಕಳಿಸಿದಳು ಎಂಬ ಕತೆ. ಆ ಕತೆಯಲ್ಲಿ ನನಗೆ ಕಾಣುವುದು ಇಷ್ಟು: ಮಹಾಮನೆಯ ಅಂಗಳದಲ್ಲಿ ಅಕ್ಕಿ ಆಯುತ್ತಿದ್ದವನನ್ನು ಬಾಗಿಲಲ್ಲಿ ಯಾರೂ ತಡೆದು ಚೀಲ ಬಿಚ್ಚಿಸಲಿಲ್ಲ. ಅಳೆದವಳು ಅವನ ಹೆಂಡತಿ, ಅವರ ಮನೆಯೊಳಗೆ.

ಸ್ಕೂಟರಿನ ಹೆಣ್ಣುಮಗಳ ವಿಷಯ ಅರ್ಧಕ್ಕೇ ಬಿಟ್ಟೆ. ಸರ್ವರ್ ಬಂದ ಮೇಲೆ ಅವಳು ಹೆಬ್ಬೆಟ್ಟು ಕೊಟ್ಟು, ಮೂಟೆಯನ್ನು ಕಾಲಿಡುವ ಜಾಗದಲ್ಲಿಟ್ಟುಕೊಂಡು ಹೋದಳು. ಆ ಸ್ಕೂಟರು ಅವಳದೋ ಬೇರೆಯವರದೋ, ಕಂತಿನದೋ ನಗದಿನದೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಂಗಡಿಯವನನ್ನು ಕೇಳಿದ್ದರೆ ಹೇಳುತ್ತಿದ್ದನೇನೋ. ಕೇಳಲಿಲ್ಲ.

ಅಜ್ಜಿಯ ಬೆರಳು ಆ ದಿನ ಕೊನೆಗೂ ಹತ್ತಲಿಲ್ಲ, ಒಟಿಪಿಯಲ್ಲಿ ಕೆಲಸವಾಯಿತು. ಮುಂದಿನ ತಿಂಗಳು ಅದೇ ಹೊತ್ತಿಗೆ ಕಾರು ತೆಗೆದು ಅವರ ಮನೆ ಮುಂದೆ ನಿಲ್ಲಿಸಿದೆ. ಚೀಲ ಹಿಡಿದು ಹೊರಬಂದ ಅಜ್ಜಿ ಕಾರನ್ನು ನೋಡಿ ಬಾಗಿಲಲ್ಲೇ ನಿಂತರು.

‘ಬ್ಯಾಡ ಕಣಪ್ಪ, ನೀನು ಹೋಗು. ಓದ್ ಸಲ ಅವ್ರೆಲ್ಲ ಏನೇನೋ ಅಂದ್ರು. ಯಾರಾದ್ರೂ ಬರೆದಾಕ್ಬಿಟ್ರೆ ನನ್ ಕಾರ್ಡು ಹೋಯ್ತದೆ.’

‘ಮತ್ತೆ ಹೆಂಗ್ ಹೋಗ್ತೀರ ಅಜ್ಜಿ?’

‘ಆಟೋದಾಗೆ ಹೋಯ್ತೀನಿ’ ಅಂದವರು ಚಪ್ಪಲಿ ಮೆಟ್ಟುತ್ತಾ ಒಂದು ಗಳಿಗೆ ಯೋಚಿಸಿ, ‘ಅದ್ನೂ ಆ ಹುಣಸೇಮರದ ತಾವ್ಲೇ ನಿಲ್ಲಿಸ್ತೀನಿ’ ಅಂದರು.